ಈಶಾನ್ಯಕ್ಕೊಂದು ಪರದೆ

ಜೂನ್ ತಿಂಗಳ ನಡುವಿನಲ್ಲಿ, ಮೋಡವಿಲ್ಲದ ದಿನ, ಎಡಿನ್‌ಬರೋ ಆಸುಪಾಸಿನ ಯಾವುದಾದರೂ ಕ್ಯಾಂಪ್‌ಸೈಟಿಗೆ ರಾತ್ರಿ ಒಂಬತ್ತೂವರೆಗೆ ಹೋಗಿ ನಿಂತರೆ ಬಿಸಿಲು ಇನ್ನೂ ಹುಲ್ಲಿನ ಮೇಲೆ ಇರುತ್ತದೆ. ರಾತ್ರಿ ಅಂದದ್ದು ಗಡಿಯಾರಕ್ಕೆ ಮರ್ಯಾದೆ ಕೊಟ್ಟು. ಸಾಲು ಡೇರೆಗಳ ಒಳಗಿಂದ ಒಂದೇ ಜಗಳ ಬೇರೆ ಬೇರೆ ಭಾಷೆಗಳಲ್ಲಿ ಕೇಳಿಬರುತ್ತದೆ. ಹೊತ್ತಾಯಿತು ಮಲಗು ಅನ್ನುತ್ತಾರೆ ದೊಡ್ಡವರು, ಇನ್ನೂ ಬೆಳಕಿದೆಯಲ್ಲ ಅನ್ನುತ್ತವೆ ಮಕ್ಕಳು. ವಾದದಲ್ಲಿ ಮಕ್ಕಳದೇ ಗೆಲುವು. ಅಲ್ಲಿ ಆ ದಿನಗಳಲ್ಲಿ ಸೂರ್ಯ ಮುಳುಗುವುದು ಹತ್ತರ ಹೊತ್ತಿಗೆ, ಮತ್ತೆ ಹುಟ್ಟುವುದು ನಾಲ್ಕೂವರೆಗೂ ಮುಂಚೆ. ನಡುವಿನ ಆರೂವರೆ ಗಂಟೆಯೂ ಪೂರ್ತಿ ಕತ್ತಲಲ್ಲ, ಉತ್ತರ ದಿಕ್ಕಿನ ಬಾನಂಚಿನಲ್ಲಿ ಒಂದು ಬೂದು ಬೆಳಕು ಉಳಿದೇ ಇರುತ್ತದೆ. ಇನ್ನೂ ಉತ್ತರಕ್ಕೆ, ಶೆಟ್ಲೆಂಡ್ ದ್ವೀಪಗಳಿಗೆ ಹೋದರೆ ಆ ಮಬ್ಬು ಬೆಳಕಿಗೆ ಜನ ‘ಸಿಮ್ಮರ್ ಡಿಮ್’ ಅಂತ ಹೆಸರನ್ನೇ ಇಟ್ಟುಕೊಂಡಿದ್ದಾರೆ.

ನಮ್ಮ ಕಡೆಯವರಿಗೆ ಇದು ಸುಲಭಕ್ಕೆ ಒಗ್ಗುವುದಿಲ್ಲ. ಬೆಂಗಳೂರಿನಲ್ಲಿ ವರ್ಷದ ಅತಿ ಉದ್ದದ ಹಗಲಿಗೂ ಅತಿ ಗಿಡ್ಡ ಹಗಲಿಗೂ ಇರುವ ಅಂತರ ಸುಮಾರು ಒಂದೂವರೆ ಗಂಟೆ ಮಾತ್ರ. ಜೂನಿನಲ್ಲಿ ಆರೂಮುಕ್ಕಾಲು, ಡಿಸೆಂಬರಿನಲ್ಲಿ ಆರು ಗಂಟೆ, ದೀಪ ಹಚ್ಚುವ ಹೊತ್ತು ಅದರ ಆಚೀಚೆ ಹೋಗುವುದಿಲ್ಲ. ಸೂರ್ಯ ಮುಳುಗಿದ ಅರ್ಧ ಗಂಟೆಯೊಳಗೆ ಕತ್ತಲು ಕವಿದು ಮಕ್ಕಳ ಆಟ ತಾನೇ ನಿಲ್ಲುತ್ತದೆ. ಲಂಡನ್ನಿನಲ್ಲಿ ಜೂನಿನ ಹಗಲು ಹದಿನಾರೂವರೆ ಗಂಟೆ ಮೀರುತ್ತದೆ, ಡಿಸೆಂಬರಿನದು ಎಂಟು ಗಂಟೆಯನ್ನೂ ಮುಟ್ಟುವುದಿಲ್ಲ. ಮಗಳ ಬಾಣಂತನಕ್ಕೆಂದು ಮೇ ತಿಂಗಳಲ್ಲಿ ಹೋಗಿಳಿದ ಅಜ್ಜಿಯರಿಗೆ ಅಲ್ಲಿನ ಚಳಿ, ಊಟ, ಭಾಷೆ ಎಲ್ಲದಕ್ಕಿಂತ ಹೆಚ್ಚು ಗಲಿಬಿಲಿ ಮಾಡುವುದು ಈ ಮುಗಿಯದ ಸಂಜೆ. ದೇವರಿಗೆ ದೀಪ ಹಚ್ಚುವುದು ಎಷ್ಟು ಹೊತ್ತಿಗೆ ಎಂಬ ಅವರ ಪ್ರಶ್ನೆಗೆ ಅಳಿಯನ ಬಳಿ ಉತ್ತರವಿರುವುದಿಲ್ಲ.

ಗೋಡೆ ಕಟ್ಟಿದ ಮನೆಯಲ್ಲಾದರೆ ದಪ್ಪ ಪರದೆ ಎಳೆದು ಹೇಗೋ ನಿಭಾಯಿಸಬಹುದು. ಡೇರೆಗೆ ಇರುವುದು ಬಟ್ಟೆಯ ಗೋಡೆ. ಬೇಸಿಗೆ ಬಂತೆಂದರೆ ಬ್ರಿಟನ್ನಿನ ಸಾಮಾನ್ಯ ಸಂಸಾರಗಳು ಕಾರಿಗೆ ಡೇರೆ ತುಂಬಿಕೊಂಡು ವೇಲ್ಸಿಗೋ ಲೇಕ್ ಡಿಸ್ಟ್ರಿಕ್ಟಿಗೋ ಹೊರಡುವುದು ಹಳೆಯ ರೂಢಿ. ಅಲ್ಲಿ ನೆಲೆಸಿದ ನಮ್ಮವರೂ ಈಗ ಹೋಗುತ್ತಾರೆ, ಹೋಟೆಲಿಗಿಂತ ಅಗ್ಗ, ಮಕ್ಕಳಿಗೂ ಖುಷಿ. ಎರಡನೇ ದಿನ ಬೆಳಗ್ಗೆ ಐದು ಗಂಟೆಗೆ ಕಣ್ಣುಜ್ಜುತ್ತ ಹಾಲು ಕಾಯಿಸುವಾಗ ಈ ಅಗ್ಗದ ಬೆಲೆ ಎಷ್ಟು ಎಂದು ಗೊತ್ತಾಗುತ್ತದೆ.

ಮಕ್ಕಳ ಈ ತಕರಾರು ಹೊಸದಲ್ಲ. ಎಡಿನ್‌ಬರೋದಲ್ಲೇ ಹುಟ್ಟಿ ಬೆಳೆದ ರಾಬರ್ಟ್ ಲೂಯಿ ಸ್ಟೀವನ್‌ಸನ್ 1885ರಲ್ಲಿ ತಂದ ಮಕ್ಕಳ ಪದ್ಯಗಳ ಪುಸ್ತಕದ ಮೊದಲ ಪದ್ಯವೇ ಬೇಸಿಗೆಯಲ್ಲಿ ಹಗಲಿರುವಾಗಲೇ ಹಾಸಿಗೆ ಸೇರಬೇಕಾದ ಮಗುವಿನ ದೂರು. ಅವನ ಕಾಲದಲ್ಲಿ ಅಲ್ಲಿಯ ಸೂರ್ಯ ಗಡಿಯಾರದ ಪ್ರಕಾರ ಒಂಬತ್ತಕ್ಕೆ ಮುಳುಗುತ್ತಿದ್ದ. ಅದನ್ನು ಹತ್ತಕ್ಕೆ ತಳ್ಳುವ ಯೋಚನೆಯನ್ನು ಬ್ರಿಟನ್ನಿನ ತಲೆಗೆ ಹಾಕಿದವನು ವಿಲಿಯಂ ವಿಲೆಟ್ ಎಂಬ ಒಬ್ಬ ಕಟ್ಟಡ ಗುತ್ತಿಗೆದಾರ. ಬೇಸಿಗೆಯ ಮುಂಜಾನೆ ಲಂಡನ್ನಿನ ಹೊರವಲಯದ ಪೆಟ್ಸ್ ವುಡ್ ಕಾಡಿನಲ್ಲಿ ಕುದುರೆ ಸವಾರಿ ಹೋಗುವಾಗ, ಬೆಳಗಾಗಿ ಎಷ್ಟೋ ಹೊತ್ತಾದರೂ ಮನೆಗಳ ಕಿಟಕಿ ಪರದೆ ಇನ್ನೂ ಇಳಿಬಿಟ್ಟೇ ಇರುವುದನ್ನು ಕಂಡು ಅವನಿಗೆ ಹೊಟ್ಟೆ ಉರಿಯಿತಂತೆ. 1907ರಲ್ಲಿ ಬೆಳಕು ಪೋಲಾಗುತ್ತಿದೆ ಎಂದು ಸ್ವಂತ ಖರ್ಚಿನಲ್ಲಿ ಒಂದು ಕಿರುಹೊತ್ತಿಗೆಯನ್ನೇ ಅಚ್ಚು ಹಾಕಿಸಿ ಹಂಚಿದ. ಬೇಸಿಗೆಯಲ್ಲಿ ಗಡಿಯಾರವನ್ನೇ ಮುಂದಕ್ಕೆ ತಿರುಗಿಸಿ ಎಂಬುದು ಅವನ ಸಲಹೆ. ಪಾರ್ಲಿಮೆಂಟ್ ಕಿವಿಗೊಡಲಿಲ್ಲ. 1915ರಲ್ಲಿ ಅವನು ತೀರಿಕೊಂಡ. ಮರುವರ್ಷ ಯುದ್ಧಕಾಲದ ಇಂಧನ ಉಳಿತಾಯಕ್ಕೆಂದು ಮೊದಲು ಜರ್ಮನಿ, ಮೂರು ವಾರದ ನಂತರ ಬ್ರಿಟನ್ ಅದನ್ನೇ ಜಾರಿಗೆ ತಂದವು. ಮಲಗಿದವರನ್ನು ಎಬ್ಬಿಸಬೇಕೆಂದು ಹಟ ಹಿಡಿದ ಆ ಮನುಷ್ಯನ ಹೆಸರಿನಲ್ಲಿ ಪೆಟ್ಸ್ ವುಡ್‌ನಲ್ಲಿ ಒಂದು ಸೂರ್ಯಗಡಿಯಾರ ನಿಲ್ಲಿಸಿದ್ದಾರೆ. ಅದು ಕೂಡ ಬೇಸಿಗೆ ಗಡಿಯಾರದ ಹೊತ್ತನ್ನೇ ತೋರಿಸುತ್ತದೆ! ಇವತ್ತು ಡೇರೆಯೊಳಗೆ ಬೆಡ್‌ಶೀಟು ನೇತುಹಾಕುವ ತಂದೆತಾಯಂದಿರು ವಿಲೆಟ್ ತೆಗೆಸಲು ಹೊರಟ ಪರದೆಯನ್ನು ಮತ್ತೆ ಎಳೆಯುತ್ತಿದ್ದಾರೆ, ಅಷ್ಟೆ.

ಕಣ್ಣು ಮುಚ್ಚಿಕೊಂಡರೆ ಆಯಿತು, ಬೆಳಕಿದ್ದರೇನು ಅನ್ನುವವರಿದ್ದಾರೆ. ದೊಡ್ಡವರ ಮಟ್ಟಿಗೆ ಆ ಮಾತು ಅರ್ಧ ನಿಜ. ಕತ್ತಲಾದಾಗ ಮಿದುಳು ಮೆಲಟೋನಿನ್ ಎಂಬ ಹಾರ್ಮೋನನ್ನು ಬಿಡತೊಡಗುತ್ತದೆ, ಈಗ ರಾತ್ರಿ ಎಂದು ಮೈಗೆಲ್ಲ ಸಾರುವುದು ಅದರ ಕೆಲಸ. ಬೆಳಕು ಬಿದ್ದರೆ ಅದು ತಗ್ಗುತ್ತದೆ. ಮಕ್ಕಳ ಕಣ್ಣಿನ ಪಾಪೆ ದೊಡ್ಡದು, ಮಸೂರ ತಿಳಿಯಾದದ್ದು, ಅದೇ ದೀಪದ ಕೆಳಗೆ ಕೂತರೂ ಅವರ ಕಣ್ಣಿನ ಒಳಗೆ ಹೋಗುವ ಬೆಳಕು ಹೆಚ್ಚು. ಅಮೆರಿಕದ ಕೊಲೊರಾಡೊ ವಿಶ್ವವಿದ್ಯಾಲಯದವರು 2018ರಲ್ಲಿ ಪ್ರಕಟಿಸಿದ ಒಂದು ಪ್ರಯೋಗದಲ್ಲಿ ಮೂರರಿಂದ ಐದು ವರ್ಷದ ಹತ್ತು ಮಕ್ಕಳನ್ನು ಮಲಗುವ ಮುಂಚೆ ಒಂದು ಗಂಟೆ ಕಾಲ ಸಾವಿರ ಲಕ್ಸ್ (ಲಕ್ಸ್ ಅಂದರೆ ಬೆಳಕಿನ ಅಳತೆಮಾನ) ಬೆಳಕಿನ ಮೇಜಿನ ಮೇಲೆ ಆಡಲು ಬಿಟ್ಟರು. ಮೆಲಟೋನಿನ್ ಸರಾಸರಿ ಶೇಕಡಾ 88ರಷ್ಟು ಕುಸಿಯಿತು. ದೀಪ ತೆಗೆದು ಮುಕ್ಕಾಲು ಗಂಟೆ ಕಳೆದ ಮೇಲೂ ಬಹುಪಾಲು ಮಕ್ಕಳಲ್ಲಿ ಅದು ಚೇತರಿಸಿಕೊಂಡಿರಲಿಲ್ಲ. 2022ರಲ್ಲಿ ಅದೇ ತಂಡ ಇನ್ನೂ ಮಂಕು ಬೆಳಕನ್ನು, ಐದರಿಂದ ನಲವತ್ತು ಲಕ್ಸನ್ನು, ಪರೀಕ್ಷಿಸಿ ನೋಡಿತು. ಆಗಲೂ ಕುಸಿತ ಶೇಕಡಾ 78ರ ಆಸುಪಾಸು. ಈ ಪ್ರಯೋಗಗಳಲ್ಲಿ ನನಗೆ ಮೆಚ್ಚಿಗೆಯಾದದ್ದು ಬೇರೆ ಸಂಗತಿ. ಅಳತೆ ಸರಿಯಾಗಿ ಸಿಗಲೆಂದು ವಿಜ್ಞಾನಿಗಳು ಮಕ್ಕಳ ಮನೆಗೇ ಹೋಗಿ, ಕಿಟಕಿಗಳಿಗೆ ಕಪ್ಪು ಪ್ಲಾಸ್ಟಿಕ್ ಅಂಟಿಸಿ, ಮನೆಯನ್ನು ಗವಿ ಮಾಡಿದರು. ಕ್ಯಾಂಪ್‌ಸೈಟಿನ ಅಪ್ಪಂದಿರು ಟೇಪು ಹಿಡಿದು ಮಾಡುವ ಕೆಲಸವೂ ಅದೇ.

ಡೇರೆ ತಯಾರಕರು ಈ ಕಷ್ಟವನ್ನು ಚೆನ್ನಾಗಿಯೇ ಗ್ರಹಿಸಿದ್ದಾರೆ. ಕೋಲ್‌ಮನ್ ಕಂಪನಿಯ ‘ಬ್ಲ್ಯಾಕ್‌ಔಟ್’ ಮಲಗುಕೋಣೆಯ ಡೇರೆಗಳು, ಡೆಕಾಥ್ಲಾನಿನ ‘ಫ್ರೆಶ್ ಆ್ಯಂಡ್ ಬ್ಲ್ಯಾಕ್’ ಡೇರೆಗಳು ಹೊರಗಿನ ಬೆಳಕಿನಲ್ಲಿ ಶೇಕಡಾ 99ರವರೆಗೆ ತಡೆಯುತ್ತವೆ ಎಂದು ಹೇಳಿಕೊಳ್ಳುತ್ತವೆ. ಎರಡನೆಯದು ಬೆಂಗಳೂರಿನ ಅಂಗಡಿಗಳಲ್ಲೂ ಸಿಗುತ್ತದೆ. ಹೊರಮೈ ಬಿಳಿ, ಶಾಖ ಹಿಂದಕ್ಕೆ ಚಿಮ್ಮಲೆಂದು. ಒಳಮೈಗೆ ಕಪ್ಪು ಲೇಪ. ಮಾತು ಸುಳ್ಳಲ್ಲ, ಆದರೆ ಆ 99ನ್ನು ಸ್ವಲ್ಪ ಕೂತು ಲೆಕ್ಕ ಹಾಕಬೇಕು. ನಡುಹಗಲಿನ ನೇರ ಬಿಸಿಲು ಸುಮಾರು ಒಂದು ಲಕ್ಷ ಲಕ್ಸ್. ಅದರಲ್ಲಿ ನೂರಕ್ಕೊಂದು ಪಾಲು ಒಳಗೆ ಬಂದರೂ ಸಾವಿರ ಲಕ್ಸ್ ಆಯಿತು, ಆ ಮಕ್ಕಳು ಆಡಿದ ಮೇಜಿನಷ್ಟೇ ಬೆಳಕು. ಮಧ್ಯಾಹ್ನದ ನಿದ್ದೆಗೆ ಅಂಥ ಡೇರೆಯನ್ನು ನಂಬಿ ಕೂತರೆ ಕೆಲಸ ಕೆಡುತ್ತದೆ, ಮರದ ನೆರಳೇ ಬೇಕು. ಸೂರ್ಯ ಹುಟ್ಟುವ ಮುಳುಗುವ ಗಳಿಗೆಯ ಮಾತು ಬೇರೆ. ಆಗ ಹೊರಗೆ ಇರುವುದೇ ನಾನೂರು ಲಕ್ಸ್ ಆಸುಪಾಸು, ಒಳಗೆ ನಾಲ್ಕು ಉಳಿಯುತ್ತದೆ. ಅಲ್ಲಿ ಮಾತ್ರ ಈ ಬಟ್ಟೆ ಕೊಟ್ಟ ದುಡ್ಡಿಗೆ ನ್ಯಾಯ ಒದಗಿಸುತ್ತದೆ.

ಹಾಗಾದರೆ ಬೆಳಕನ್ನು ತಡೆಯಬೇಕಾದದ್ದು ಸಂಜೆಯೋ, ಮುಂಜಾನೆಯೋ? ಎಲ್ಲರ ತಲೆಬಿಸಿಯೂ ಸಂಜೆಯ ಬೆಳಕಿನದು, ಏಕೆಂದರೆ ಜಗಳ ನಡೆಯುವುದು ಆಗ. ನನ್ನ ಎಣಿಕೆಯಲ್ಲಿ ನಿಜವಾದ ಕಳ್ಳ ಮುಂಜಾನೆಯದು. ಸಂಜೆಯ ಹೊತ್ತಿಗೆ ಮಗು ಓಡಿ, ಈಜಿ, ಬೆಟ್ಟ ಹತ್ತಿ ದಣಿದಿರುತ್ತದೆ. ಒಂದು ಗಂಟೆ ತಡವಾಗಿಯಾದರೂ ಬೆಳಕಿನಲ್ಲೇ ಬಿದ್ದುಕೊಳ್ಳುತ್ತದೆ. ಬೆಳಗಿನ ಜಾವ ನಾಲ್ಕೂವರೆಗೆ ದಣಿವೆಲ್ಲ ಅರ್ಧ ಇಳಿದಿರುತ್ತದೆ, ನಿದ್ದೆ ತೆಳುವಾಗಿರುತ್ತದೆ. ಆಗ ಮುಖದ ಮೇಲೆ ಬೆಳಕು ಬಿದ್ದು ಕಣ್ಣು ಬಿಟ್ಟರೆ ಮತ್ತೆ ಮಲಗಿಸುವುದು ಯಾರಿಂದಲೂ ಆಗುವುದಿಲ್ಲ. ಮೂರರಿಂದ ಐದು ವರ್ಷದ ಮಕ್ಕಳಿಗೆ ದಿನಕ್ಕೆ ಹತ್ತರಿಂದ ಹದಿಮೂರು ಗಂಟೆ ನಿದ್ದೆ ಬೇಕು ಎನ್ನುತ್ತಾರೆ ನಿದ್ರಾವೈದ್ಯರು. ಹತ್ತಕ್ಕೆ ಮಲಗಿ ನಾಲ್ಕೂವರೆಗೆ ಎದ್ದ ಮಗುವಿನ ಲೆಕ್ಕ ಯಾರು ಬೇಕಾದರೂ ಮಾಡಬಹುದು, ಅದರ ಮರುದಿನದ ರಂಪ ಲೆಕ್ಕಕ್ಕೆ ಸಿಗುವುದಿಲ್ಲ.

ಮುಂಜಾನೆಯ ಸೂರ್ಯ ಬರುವ ದಿಕ್ಕಿನ ವಿಷಯಕ್ಕೆ ನಾವು ಕನ್ನಡಿಗರು ಮೋಸ ಹೋಗುತ್ತೇವೆ. ಮೂಡಣ ಅಂದರೆ ಪೂರ್ವ ಎಂದು ನಮ್ಮ ಮೈಗೇ ಗೊತ್ತು. ಬೆಂಗಳೂರಿನಲ್ಲಿ ಜೂನ್ ಸೂರ್ಯ ಪೂರ್ವದಿಂದ ಈಶಾನ್ಯದ ಕಡೆಗೆ ಹೆಚ್ಚುಕಡಿಮೆ ಅರ್ಧದಾರಿಯಷ್ಟು ಸರಿದು ಹುಟ್ಟುತ್ತಾನೆ. ಬ್ರಿಟನ್ನಿನಲ್ಲಿ ಅವನು ಹುಟ್ಟುವುದು ಹೆಚ್ಚುಕಡಿಮೆ ಕರಾರುವಾಕ್ಕಾಗಿ ಈಶಾನ್ಯದಲ್ಲಿ, ಮುಳುಗುವುದು ವಾಯವ್ಯದಲ್ಲಿ. ಪೂರ್ವಕ್ಕೆ ಮರ ನೋಡಿಕೊಂಡು ಡೇರೆ ಹೂಡಿದವನಿಗೆ ಬೆಳಕು ಪಕ್ಕದಿಂದ ನುಗ್ಗುತ್ತದೆ. ನಮ್ಮ ವಾಸ್ತು ಪಂಡಿತರು ಈಶಾನ್ಯ ಮೂಲೆ ಹಗುರವಾಗಿರಲಿ, ತೆರೆದಿರಲಿ, ಅಲ್ಲಿ ಭಾರ ಹೇರಬೇಡಿ ಅನ್ನುತ್ತಾರೆ. ಮಕ್ಕಳು ಮಲಗಬೇಕಾದರೆ ಅಲ್ಲಿ ಆ ಮೂಲೆಯನ್ನೇ ಮುಚ್ಚಬೇಕು. ಪೊದೆಬೇಲಿ, ಗುಡ್ಡ, ದೊಡ್ಡ ಮರ, ಏನೂ ಸಿಗದಿದ್ದರೆ ನಿಮ್ಮದೇ ಕಾರು ಈಶಾನ್ಯಕ್ಕೆ ನಿಲ್ಲಲಿ. ಮಕ್ಕಳ ಒಳಕೋಣೆ ನೈಋತ್ಯಕ್ಕೆ ಬರಲಿ. ಕಾಸು ಖರ್ಚಿಲ್ಲದ ಕೆಲಸ ಇದು. ಬೇಲಿ, ಮರದ ಎತ್ತರಕ್ಕೆ ತಕ್ಕಂತೆ ನೇರ ಬಿಸಿಲು ಅರ್ಧ ಗಂಟೆಯೋ ಒಂದು ಗಂಟೆಯೋ ತಡವಾಗುತ್ತದೆ. ಗೂಟ ಹೊಡೆಯುವ ಮುಂಚೆ ಫೋನಿನ ದಿಕ್ಸೂಚಿ ನೋಡಿಕೊಂಡರೆ ಸಾಕು.

ರೆಡಿಂಗ್ ಊರಿನಲ್ಲಿರುವ ಪರಿಚಯದ ಒಂದು ಮೈಸೂರು ಸಂಸಾರ ಪೆಂಬ್ರೋಕ್‌ಶೈರಿನ ಕಡಲಂಚಿನಲ್ಲಿ ಹೂಡಿದ್ದ ಡೇರೆಯನ್ನು ಒಳಹೊಕ್ಕು ನೋಡಿದ್ದೆ. ಕಪ್ಪು ಡೇರೆಯಲ್ಲ, ಸಾಧಾರಣ ಹಸಿರು ಪಾಲಿಯೆಸ್ಟರಿನದು. ಆ ಮನೆಯಾಕೆ ಒಳಡೇರೆಗೂ ಮೇಲುಹೊದಿಕೆಗೂ ನಡುವಿನ ಗೇಣು ಸಂದಿನಲ್ಲಿ ಎರಡು ಕಡುನೀಲಿ ಬೆಡ್‌ಶೀಟು ಇಳಿಬಿಟ್ಟು, ಬಟ್ಟೆ ಒಣಹಾಕುವ ಕ್ಲಿಪ್ಪುಗಳಿಂದ ಮೇಲಿನ ಪಟ್ಟಿಗೆ ಸಿಕ್ಕಿಸಿದ್ದರು. ಈಶಾನ್ಯದ ಕಡೆ ಮಾತ್ರ. ಉಳಿದ ಮೂರು ಬದಿ ಹಾಗೇ ಬಿಟ್ಟಿದ್ದರು. ಇಷ್ಟಾದರೂ ಬೆಳಕು ಹುಡುಕಿಕೊಂಡು ಬರುವ ಜಾಗವೊಂದಿತ್ತು. ಬಾಗಿಲಿನ ಜಿಪ್ಪು ಬಾಗುವಲ್ಲಿ ಹಲ್ಲುಗಳ ನಡುವೆ ಸೂಜಿಮೊನೆಯಂಥ ಚುಕ್ಕೆಗಳು ಸಾಲಾಗಿ ಹೊಳೆಯುತ್ತಿದ್ದವು, ಅದರ ಗೆರೆ ನೇರವಾಗಿ ಚಿಕ್ಕವನ ದಿಂಬಿನ ಮೇಲೆ ಬೀಳುತ್ತಿತ್ತು. ಆಕೆ ದಿಂಬನ್ನೇ ಆ ಕಡೆಯಿಂದ ಈ ಕಡೆಗೆ ತಿರುಗಿಸಿ, ತಲೆಯಿದ್ದಲ್ಲಿ ಕಾಲು ಬರುವಂತೆ ಮಾಡಿದರು. ಜಿಪ್ಪಿಗೆ ಟೇಪು ಹಚ್ಚಬಹುದಲ್ಲ ಎಂದದ್ದಕ್ಕೆ, “ರಾತ್ರಿ ಒಂದಕ್ಕೆ ಹೋಗಬೇಕು ಅಂತಾನೆ, ಟೇಪು ಬಿಚ್ಚುತ್ತ ಕೂರ್ಲಾ?” ಎಂದರು.

ಡೇರೆಯಲ್ಲಿ ಕತ್ತಲು ಹೊಂದಿಸುವ ಪಾಡು ನಮ್ಮ ನಾಡಿಗೆ ಹೊಸತೇನೂ ಅಲ್ಲ. ಟೆಂಟ್ ಸಿನಿಮಾದ ಕಾಲದಲ್ಲಿ ಬಯಲಿನ ಡೇರೆಯಲ್ಲಿ ಪರದೆಯ ಮೇಲೆ ಚಿತ್ರ ಮೂಡಬೇಕಾದರೆ ಹೊತ್ತು ಮುಳುಗಲೇಬೇಕಿತ್ತು. ಅದಕ್ಕೇ ಅಲ್ಲಿ ಮೊದಲ ಆಟ ಶುರುವಾಗುತ್ತಿದ್ದದ್ದು ಸಂಜೆಯ ಮೇಲೆ. ಧ್ವನಿವರ್ಧಕದಲ್ಲಿ ಘಂಟಸಾಲರ ‘ನಮೋ ವೆಂಕಟೇಶ’ ಕೇಳಿದರೆ ಟಿಕೆಟ್ ಕೊಡುತ್ತಾರೆ ಅಂತ ಊರೆಲ್ಲ ಎದ್ದು ಹೊರಡುತ್ತಿತ್ತು. ನೆಲದ ಟಿಕೆಟ್ಟಿನ ಮರಳಿನ ಮೇಲೆ ಮಧ್ಯಂತರದ ಹೊತ್ತಿಗೆ ಅರ್ಧಕ್ಕರ್ಧ ಮಕ್ಕಳು ತಾಯಂದಿರ ಮಡಿಲಲ್ಲಿ ನಿದ್ದೆ ಹೋಗಿರುತ್ತಿದ್ದವು, ರಾಜಕುಮಾರ್ ಕತ್ತಿ ಹಿಡಿದು ಎಷ್ಟೇ ಗದ್ದಲ ಮಾಡಲಿ. ಅವಕ್ಕೆ ಕತ್ತಲೆ ಪುಕ್ಕಟೆ ಸಿಕ್ಕಿತ್ತು. ಗದ್ದಲ ನಿದ್ದೆಗೆ ಅಷ್ಟು ದೊಡ್ಡ ಶತ್ರುವಲ್ಲ ಎಂಬುದಕ್ಕೂ ಆ ಮಕ್ಕಳೇ ಸಾಕ್ಷಿ. ಬ್ರಿಟನ್ನಿನ ಡೇರೆಗಳಲ್ಲಿ ಮುಂಜಾನೆ ಬ್ಲ್ಯಾಕ್‌ಬರ್ಡ್ ಮತ್ತು ರಾಬಿನ್ ಹಕ್ಕಿಗಳು ಸೂರ್ಯನಿಗಿಂತ ಮುಂಚೆ ಎದ್ದು ಕೂಗುತ್ತವೆ. ಅದಕ್ಕೆ ಮದ್ದಿಲ್ಲ, ಯಾವ ಕಪ್ಪು ಬಟ್ಟೆಯೂ ಸದ್ದು ತಡೆಯದು.

ಕತ್ತಲೆ ಮಾಡುವ ಹುರುಪಿನಲ್ಲಿ ಜನ ಮರೆಯುವುದು ಗಾಳಿಯನ್ನು. ಡೇರೆಯ ಮೇಲೆ ಕಂಬಳಿ ಹೊದಿಸುವುದು, ತುದಿಯ ಗಾಳಿಕಿಂಡಿಗೆ ಬಟ್ಟೆ ತುರುಕುವುದು, ಬಿಸಿಲಿಗೆ ನೇರ ಟಾರ್ಪಾಲು ಬಿಗಿಯುವುದು, ಇವೆಲ್ಲ ಕೇಡು. ಮುಚ್ಚಿದ ಡೇರೆ ಬಿಸಿಲಿನಲ್ಲಿ ಬಹುಬೇಗ ಕಾದುಬಿಡುತ್ತದೆ. ತಂಪು ರಾತ್ರಿಯಲ್ಲಿ ಉಸಿರಿನ ಆವಿ ಒಳಮೈಗೆ ಹತ್ತಿ ಹನಿಯುತ್ತದೆ. ಎಳೆಗೂಸುಗಳು ಮಲಗುವ ಕೋಣೆ 16ರಿಂದ 20 ಡಿಗ್ರಿ ಸೆಲ್ಸಿಯಸ್ ನಡುವೆ ಇರಲಿ ಎಂಬುದು ಬ್ರಿಟನ್ನಿನ ಲಲಬೈ ಟ್ರಸ್ಟ್ ಹೇಳುವ ಮಾತು. ತಳ್ಳುಗಾಡಿಯ ಮೇಲೆ ತೆಳು ಬಟ್ಟೆ ಹೊದಿಸುವುದೂ ಬೇಡ ಎಂದು ಅದು ಎಚ್ಚರಿಸುತ್ತದೆ. ಕೂಸಿನ ಕಣ್ಣಿಗೆ ಪಟ್ಟಿ ಕಟ್ಟುವುದಂತೂ ಬೇಡವೇ ಬೇಡ. ಇನ್ನೊಂದು, ಇದನ್ನು ಎಷ್ಟು ಸಲ ಹೇಳಿದರೂ ಕಡಿಮೆ: ಆರುತ್ತಿರುವ ಬಾರ್ಬೆಕ್ಯೂ ತಟ್ಟೆಯನ್ನು ಚಳಿಗೆಂದು ಡೇರೆಯೊಳಗೆ ತರಬಾರದು. ಕೆಂಡ ಕಾಣದಿದ್ದರೂ ಅದು ಕಾರ್ಬನ್ ಮೊನಾಕ್ಸೈಡ್ ಬಿಡುತ್ತಲೇ ಇರುತ್ತದೆ, ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಗಾಳಿಗಾಗಿ ಒಂದು ಬೆರಳು ಬೆಳಕು ಒಳಗೆ ಬಂದರೆ ಬರಲಿ.

ಇಷ್ಟೆಲ್ಲ ಪಾಡು ಪಟ್ಟು ಕತ್ತಲು ಮಾಡಿ, ಅದೇ ಡೇರೆಯ ನಡುವೆ ಬಿಳಿ ಎಲ್ಇಡಿ ಲಾಟೀನು ನೇತುಹಾಕಿ ಕತೆ ಓದುವವರನ್ನು ಕಂಡರೆ ನನಗೆ ನಗು ಬರುತ್ತದೆ. ಮಗುವಿನ ಕಣ್ಣಿಗೆ ಅರ್ಧ ಮೊಳ ದೂರದ ಫೋನಿನ ಪರದೆಯೂ ಅದೇ ಜಾತಿ. ಕತೆ ಓದುವ ಬದಲು ಹೇಳಿದರಾಯಿತು, ಅದಕ್ಕೆ ದೀಪ ಬೇಕಿಲ್ಲ. ಕೆನ್ನೆತ್ ರೈಟ್ ಎಂಬ ವಿಜ್ಞಾನಿ 2013ರಲ್ಲಿ ಪ್ರಕಟಿಸಿದ ಒಂದು ಪ್ರಯೋಗಕ್ಕಾಗಿ ಎಂಟು ಮಂದಿ ವಯಸ್ಕರನ್ನು ವಾರ ಕಾಲ ಕೊಲೊರಾಡೊದ ರಾಕಿ ಪರ್ವತದಲ್ಲಿ ಡೇರೆ ಹಾಕಿಸಿ ಇಟ್ಟಿದ್ದರು, ಟಾರ್ಚಿಲ್ಲ, ಫೋನಿಲ್ಲ, ಸೂರ್ಯ ಮತ್ತು ಕ್ಯಾಂಪ್ ಬೆಂಕಿ ಮಾತ್ರ. ಅವರ ಮೈಗಡಿಯಾರ ಸುಮಾರು ಎರಡು ಗಂಟೆ ಹಿಂದಕ್ಕೆ ಸರಿದು, ಸೂರ್ಯನ ಜೊತೆ ಮಲಗಿ ಸೂರ್ಯನ ಜೊತೆ ಏಳತೊಡಗಿದರು. ಡೇರೆವಾಸದ ಹಿತಕ್ಕೆ ಈ ಪ್ರಯೋಗವನ್ನು ಎಲ್ಲರೂ ಉದಾಹರಿಸುತ್ತಾರೆ. ಆದರೆ ಕೊಲೊರಾಡೊ ಇರುವುದು 40ನೇ ಅಕ್ಷಾಂಶದಲ್ಲಿ, ಅಲ್ಲಿಯ ಬೇಸಿಗೆ ಸೂರ್ಯ ಎಂಟೂವರೆಗೆಲ್ಲ ಮನೆ ಸೇರುತ್ತಾನೆ. ಸ್ಕಾಟ್ಲೆಂಡಿನ 56ನೇ ಅಕ್ಷಾಂಶದಲ್ಲಿ ಸೂರ್ಯನ ಜೊತೆ ಏಳಹೊರಟ ಮಗುವಿಗೆ ಅಮ್ಮನ ಹತ್ತಿರ ಎಷ್ಟು ತಾಳ್ಮೆ ಉಳಿದೀತು ಎಂಬುದನ್ನು ಆ ಪ್ರಯೋಗ ಅಳೆದಿಲ್ಲ.

ಹಾಗಾಗಿ, ಚಿಕ್ಕ ಮಕ್ಕಳನ್ನು ಕಟ್ಟಿಕೊಂಡು ಮೊದಲ ಸಲ ಡೇರೆಗೆ ಹೊರಡುವ ಅಲ್ಲಿಯ ನಮ್ಮವರಿಗೆ ಒಂದು ಮಾತು. ದುಬಾರಿ ಕಪ್ಪು ಡೇರೆಗಿಂತ ಮೊದಲು ಕ್ಯಾಲೆಂಡರು ನೋಡಿ. ಇಂಗ್ಲೆಂಡಿನ ಮೇ ಕೊನೆಯ ರಜೆ ಅತಿ ಬೆಳಕಿನ ಕಾಲಕ್ಕೇ ಅಂಟಿಕೊಂಡಿದೆ, ಸ್ಕಾಟ್ಲೆಂಡಿನ ಶಾಲೆಗಳಿಗೆ ರಜೆ ಶುರುವಾಗುವುದೂ ಜೂನ್ ಕೊನೆಯ ಹೊತ್ತಿಗೆ. ಸ್ಕಾಟ್ಲೆಂಡಿನವರು ರಜೆ ಮುಗಿಯುವ ಆಗಸ್ಟ್ ಮೊದಲ ಹತ್ತು ದಿನಗಳನ್ನು ಹಿಡಿಯಿರಿ, ಹೊತ್ತು ಮುಳುಗುವುದು ಜೂನಿಗಿಂತ ಒಂದು ಗಂಟೆ ಮುಂಚೆ, ಹುಟ್ಟುವುದು ಒಂದು ಗಂಟೆ ತಡ. ಇಂಗ್ಲೆಂಡಿನವರು ಆಗಸ್ಟ್ ಕೊನೆಯ ವಾರಕ್ಕೆ ಹೋಗಿ. ಆಗ ಲಂಡನ್ನಿನ ಸುತ್ತಮುತ್ತ ಸೂರ್ಯ ಮುಳುಗುವುದು ಎಂಟರ ಹೊತ್ತಿಗೆ, ಹುಟ್ಟುವುದು ಬೆಳಗ್ಗೆ ಆರು ದಾಟಿದ ಮೇಲೆ. ಒಂದು ಹಳೆಯ ಕಡುನೀಲಿ ಬೆಡ್‌ಶೀಟು, ಆರು ಕ್ಲಿಪ್ಪು ಇಟ್ಟುಕೊಳ್ಳಿ, ಸಾಕು.